ಉದ್ದೇಶ ತಿಳಿದವರು

ಪಾರ್ಶ್ವವಾಯು ಹೊಡೆದು ಸತ್ಯಮಿತ್ರ ಮೇಷ್ಟ್ರ ಮಾತು ನಿಂತು ನಾಲ್ಕು ತಿಂಗಳಾಗಿತ್ತು. ಮಾತು ಬಂದರೂ ಬರಬಹುದು, ಬರದೆಯೂ ಇರಬಹುದು ಎಂದಿದ್ದರು ಡಾಕ್ಟರು. ಹೆಂಡತಿ ರೂತಮ್ಮ ದಿನವೂ ಮಂಚದ ಪಕ್ಕ ಮೊಣಕಾಲೂರಿ, "ಒಂದೇ ಒಂದು ಮಾತು ಆಡಿಸು ಸ್ವಾಮಿ" ಎಂದು ಬೇಡುತ್ತಿದ್ದಳು.

ದೇವರಿಗೆ ಪುರುಸೊತ್ತಿರಲಿಲ್ಲವೋ ಏನೋ, ಉತ್ತರ ಹೇಳಲು ಚರ್ಚಿನ ಸಭೆಯವರೇ ಬರುತ್ತಿದ್ದರು. ಇದು ಶೋಧನೆ, ದೇವರು ಒಡ್ಡಿದ ಪರೀಕ್ಷೆ ಎಂದರು ಒಬ್ಬರು. ಹಳೆಯ ಯಾವುದೋ ಪಾಪದ ಫಲ ಎಂದು ಇನ್ನೊಬ್ಬರು ಕಾಫಿ ಕುಡಿದು ಹೋದರು.

ಆ ಭಾನುವಾರ ಆರಾಧನೆ ಮುಗಿಸಿ ಬಂದ ಸಭಾಪಾಲಕ ಕರುಣಾಕರ ಅಯ್ಯನವರು ಮಂಚದ ಪಕ್ಕ ಕೂತು ಒಂದೂವರೆ ಗಂಟೆ ಬಿಡದೆ ಮಾತಾಡಿದರು. ರೂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು, "ಇಷ್ಟಕ್ಕೂ ದೇವರು ಇವರಿಗೆ ಯಾಕೆ ಹೀಗೆ ಮಾಡಿದ, ಅಯ್ಯನವರೇ?"

"ಇದರಲ್ಲೂ ಒಂದು ಉದ್ದೇಶ ಇದೆಯಮ್ಮ. ಬಾಯಿ ಮುಚ್ಚಿಕೊಂಡು ಇರೋದು ಹೇಗೆ ಅಂತ ಮೇಷ್ಟ್ರಿಗೆ ಕಲಿಸ್ತಿದ್ದಾನೆ."

ಮೇಷ್ಟ್ರ ತುಟಿ ಅದುರಿತು. ರೂತಮ್ಮ ಗಾಬರಿಯಿಂದ ಬಾಗಿದಳು. ಅವರು ಅಯ್ಯನವರ ಕಡೆಗೇ ಕಣ್ಣು ತಿರುಗಿಸಿ, ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ, ತೊದಲುತ್ತ ಮಾತಾಡಿದರು.

"ನಿಮಗೆ... ಯಾವಾಗ... ಕಲಿಸ್ತಾನೆ?"