ಚನ್ನವೀರಪ್ಪ ಮಾಸ್ತರರ ನೆನಪಿಗೆ ವೈರಸ್

ಗದಗಿನ ನಿವೃತ್ತ ಪಿ.ಟಿ. ಮಾಸ್ತರ ಚನ್ನವೀರಪ್ಪನವರಿಗೆ ಮಂಗಳವಾರ ಒಂದು ಫೋನ್ ಬಂತು. "ಸರ್, ನಿಮ್ಮ ನೆನಪಿಗೆ ವೈರಸ್ ಹತ್ತಿದೆ. ಓಟಿಪಿ ಹೇಳಿ, ತೆಗೆದುಬಿಡ್ತೀವಿ."

ಅವರು ಹೇಳಿಬಿಟ್ಟರು. ಕಿವಿಯ ಹಿಂದೆ ಕೂಡಿಸಿದ್ದ ನೆನಪಿನ ಚಿಪ್‌ನಿಂದ ನಲವತ್ತು ವರ್ಷದ ಸಂಸಾರ ಪೂರ್ತಿ ಖಾಲಿಯಾಯಿತು.

ಮರುದಿನ ಮಗಳು ಸುವರ್ಣಾ ಅಪ್ಪ, ಅವ್ವ ಇಬ್ಬರನ್ನೂ ನೆನಪು ಸಹಾಯ ಕೇಂದ್ರಕ್ಕೆ ಕರೆದೊಯ್ದಳು. ಎರಡು ತಾಸು ಕಾದ ಮೇಲೆ ಗುಮಾಸ್ತ ಕೇಳಿದ: "ಭದ್ರತಾ ಪ್ರಶ್ನೆ. ಹೆಂಡತಿಯನ್ನ ಮೊದಲು ನೋಡಿದ್ದು ಎಲ್ಲಿ?"

"ಅದು ಗೊತ್ತಿದ್ರ ಇಲ್ಲಿಗ್ಯಾಕ ಬರ್ತಿದ್ರು ನಮ್ಮಪ್ಪ?" ಎಂದಳು ಸುವರ್ಣಾ.

"ಹಂಗಾದ್ರ ನೆನಪು ಮಾಡ್ಕೊಂಡು ಬರ್ರಿ," ಎಂದು ಗುಮಾಸ್ತ ಮುಂದಿನವರನ್ನು ಕರೆದ.

ಚನ್ನವೀರಪ್ಪ ಪಕ್ಕದಲ್ಲಿದ್ದ ಹೆಂಡತಿ ಗಂಗವ್ವನಿಗೆ ಕೈಮುಗಿದರು. "ತಪ್ಪು ತಿಳೀಬ್ಯಾಡ್ರಿ ತಾಯಿ, ನೀವು ಯಾರು?"

ಗಂಗವ್ವನ ಕಣ್ಣು ತುಂಬಿತು. ಗಂಡ ಆಕೆಯನ್ನು 'ನೀವು' ಎಂದದ್ದು ಅದೇ ಮೊದಲು.

"ನಿಮ್ಮ ಹೆಂಡತಿ," ಎಂದಳು.

"ನಾ ಹೆಂಗಿದ್ದೆ?"

ಗಂಗವ್ವ ಒಂದು ಕ್ಷಣ ಯೋಚಿಸಿದಳು. "ಭಾಳ ಚಲೋ ಇದ್ರಿ. ದಿನಾ ನೀವೇ ರೊಟ್ಟಿ ಬಡೀತಿದ್ರಿ."

ಸುವರ್ಣಾ ಬಾಯಿ ತೆರೆಯುವಷ್ಟರಲ್ಲಿ ಅವ್ವ ಅವಳ ಕಾಲು ತುಳಿದಳು.

ಸಂಜೆ ಒಲೆಯ ಮುಂದೆ ಚನ್ನವೀರಪ್ಪನವರ ರೊಟ್ಟಿ ನಾಲ್ಕು ಸಲ ಹರಿಯಿತು. "ಕೈಯೇ ತಿರುಗವಲ್ದು," ಎಂದರು ನಾಚಿಕೊಂಡು.

"ಕಳ್ಳರು ಅದನ್ನೂ ಒಯ್ದಾರ," ಎಂದಳು ಗಂಗವ್ವ. "ಇನ್ನೊಮ್ಮೆ ಬಡೀರಿ."