ಗೈರುಹಾಜರಾದವರು

ಕ್ಯಾತಮ್ಮ ಬೆಳಿಗ್ಗೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಮಗಳು ನಾಗವೇಣಿ ಟ್ರಂಕಿನಲ್ಲಿ ಸಿಕ್ಕಿದ ಫೋಟೊವೊಂದನ್ನು ತಂದು ಅವಳ ಮುಖದ ಮುಂದೆಯೇ ಹಿಡಿದಳು. ಮಧುಗಿರಿ ಕಾಲೇಜಿನ ಪಿಯುಸಿ ಹುಡುಗಿಯರು ಕುರ್ಚಿಗಳ ಮೇಲೆ ಸಾಲಾಗಿ ಕೂತಿದ್ದರು.

"ನೀನು ಕಾಲೇಜಿಗೋಗಿದ್ದಾ? ಹೇಳೇ ಇಲ್ವಲ್ಲ! ಈ ಉದ್ದ ಜಡೆಯವಳು ನೀನಾ?"

"ನಂಗೆಲ್ಲಿತ್ತೇ ಅಷ್ಟುದ್ದ ಜಡೆ! ಅವ್ಳು ಅಮೀರುನ್ನೀಸಾ ಕಣೇ, ಸಿರಾದೋಳು. ನಂಗಂತ ಇಟ್ಟಿದ್ದ ಕುರ್ಚೀನ ತೆಗೀರಿ ಅಂತ ಫೋಟೊದೋನು ಎಷ್ಟು ಹೇಳಿದ್ರೂ ಬುಡ್ಲಿಲ್ವಂತೆ."

ಅಮೀರುನ್ನೀಸಾಳ ಕೈ ಪಕ್ಕದ ಖಾಲಿ ಕುರ್ಚಿಯ ಮೇಲಿತ್ತು. ಕ್ಯಾತಮ್ಮನ ಹಿಟ್ಟು ಮೆತ್ತಿದ ಬೆರಳು ಆ ಕುರ್ಚಿಯ ತನಕ ಹೋಗಿ, ಮುಟ್ಟದೆ ನಿಂತಿತು.

ನಾಗವೇಣಿ ಅಡಿಯಲ್ಲಿದ್ದ ಅಕ್ಷರಗಳನ್ನು ಓದಿದಳು: 'ಗೈರುಹಾಜರಾದವರು: ಜೆ. ಕ್ಯಾತಮ್ಮ. ೪-೩-೧೯೭೪.' ಆ ತಾರೀಖು ಅವಳು ದಿನವೂ ನೋಡುವಂಥದ್ದು. ಹಿಟ್ಟು ಬೀಳುತ್ತಿದ್ದ ಹಿತ್ತಾಳೆ ಹರಿವಾಣದ ಅಂಚಿನಲ್ಲಿ ಅಪ್ಪ ಅಮ್ಮನ ಹೆಸರಿನ ಜೊತೆ, ಮದುವೆಯ ದಿನವೆಂದು ಅದನ್ನೇ ಕೆತ್ತಿಸಿದ್ದರು.

ಅಮ್ಮನ ಕೈಯಲ್ಲಿ ನಿಂತಿದ್ದ ಜರಡಿ ಮತ್ತೆ ಅಲುಗಿರಲಿಲ್ಲ. ನಾಗವೇಣಿ ಅಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು.

"ಆವತ್ತು ನಿಂಗೆ ಎಲ್ಲಿರ್ಬೇಕು ಅನ್ನಿಸ್ತಿತ್ತಮ್ಮ?"