ವಾರಿಜಳ ಸ್ವಂತ ಸುಸ್ತು

ಕೈ ಹಿಡಿದು ತಮ್ಮ ಸುಸ್ತನ್ನು ಇನ್ನೊಬ್ಬರಿಗೆ ದಾಟಿಸುವುದು ಮಲ್ಪೆಯಲ್ಲಿ ಎಲ್ಲರ ರೂಢಿ. ವಾರಿಜಳ ಮನೆಯಲ್ಲಿ ಸಂಜೆಯಾದರೆ ಗಂಡ ಜಯಕರನ ಅಂಗಡಿಯದ್ದು, ಅತ್ತೆ ಬೀಡಿ ಕಟ್ಟಿದ್ದು, ಮಗಳ ಟ್ಯೂಷನ್ನಿನದ್ದು, ಎಲ್ಲವೂ ಬಂದು ಸೇರುತ್ತಿದ್ದುದು ಅವಳಿಗೇ. ನಿನ್ನೆ ಮಾತ್ರ ಅವಳು ಯಾರದ್ದನ್ನೂ ತನ್ನ ಮೈಗೆ ಇಳಿಸಿಕೊಳ್ಳಲಿಲ್ಲ. ಇಂದು ಅವಳ ಮೊದಲ ಟ್ರಯಥ್ಲಾನ್.

ಕಡಲಲ್ಲಿ ಈಜಿ, ಸೈಕಲ್ ತುಳಿದು, ಈಗ ಎಲ್ಲರಿಗಿಂತ ಹಿಂದೆ ಓಡುತ್ತಿದ್ದಳು. ಉಳಿದವರ ಮನೆಯವರು ದಾರಿಯುದ್ದಕ್ಕೂ ನಿಂತು ತಮ್ಮವರ ಸುಸ್ತನ್ನು ಇಳಿಸಿಕೊಳ್ಳುತ್ತಿದ್ದರು. ನಿಯಮದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ.

ಕೊನೆಯ ತಿರುವಿನಲ್ಲಿ ಜಯಕರ ಕೈ ಚಾಚಿದ. "ಇಲ್ಲಿ ಕೊಡು ಮಾರಾಯ್ತಿ, ಬೀಳ್ತಿ ನೀನು!"

"ಬೇಡ. ಇದು ನಾನೇ ಮಾಡಿಕೊಂಡದ್ದು," ಎಂದು ವಾರಿಜ ಓಡುತ್ತಲೇ ಹೋದಳು.

ಗೆರೆ ದಾಟಿ ಮರಳಿನ ಮೇಲೆ ಕುಸಿದವಳು, ನಡುಗುತ್ತಿದ್ದ ತನ್ನ ಕಾಲುಗಳನ್ನೇ ನೋಡುತ್ತಾ ನಕ್ಕಳು.

"ಓಹೋ, ನನ್ನದು ಹೀಗಿರ್ತದಾ!"